ತೆಳು ಗಾಳಿಯ ಡೇರೆ

ಶಿವರಾತ್ರಿ ಮುಗಿದ ವಾರ ಪಾರ್ಸೆಲ್ ಬಂತು. ಅದನ್ನು ಬಿಚ್ಚಿ ನಮ್ಮ ಮಲಗುವ ಕೋಣೆಯ ಮಂಚದ ಸುತ್ತ ನಿಲ್ಲಿಸುವಷ್ಟರಲ್ಲಿ ನನಗೂ ನನ್ನ ಹೆಂಡತಿ ಕೃತಿಕಾಗೂ ಅರ್ಧ ದಿನ ಹೋಯಿತು. ದಪ್ಪ ಪ್ಲಾಸ್ಟಿಕ್ಕಿನ ಡೇರೆ, ಒಂದು ಬದಿಗೆ ಉದ್ದನೆಯ ಜಿಪ್ಪು. ಪಕ್ಕದಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಯಂತ್ರ, ಅದರಿಂದ ಡೇರೆಯೊಳಕ್ಕೆ ಒಂದು ಕೊಳವೆ. ನನ್ನ ಅವ್ವ ಬಸವಣ್ಣೆಮ್ಮ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡಿದಳು. ಆಮೇಲೆ ಇದು ಏನು ಮಾಡ್ತೈತೆ ಅಂತ ಕೇಳಿದಳು.

ಕೃತಿಕಾ ಹರಿಹರದ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ, ಬಿಡಿಸಿ ಹೇಳುವುದು ಅವಳಿಗೆ ರೂಢಿ. ಯಂತ್ರ ಗಾಳಿಯೊಳಗಿನ ಆಮ್ಲಜನಕವನ್ನು ಒಂದಿಷ್ಟು ತೆಗೆದು ಉಳಿದ ಗಾಳಿಯನ್ನು ಡೇರೆಗೆ ಬಿಡುತ್ತದೆ, ಒಳಗೆ ಮಲಗಿದರೆ ಎತ್ತರದ ಬೆಟ್ಟದ ಮೇಲೆ ಮಲಗಿದ ಹಾಗಾಗುತ್ತದೆ, ಅಷ್ಟು ತೆಳು ಗಾಳಿಗೆ ಹೊಂದಿಕೊಳ್ಳಲು ಮೈ ಹೆಚ್ಚು ಕೆಂಪು ರಕ್ತಕಣ ಮಾಡಿಕೊಳ್ಳುತ್ತದೆ ಎಂದು ವಿವರಿಸಿದಳು. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಎಲ್ಲರೂ ಗಾಳಿ ಬರ್ಲಿ ಅಂತ ಕಿಟಕಿ ತೆಗೀತಾರೆ," ಅಂದಳು. "ನೀವು ಗಾಳಿ ತೆಗಿಯಾಕ ಮಷೀನ್ ತಂದೀರಿ."

ಹೇಳಿ ಅಡುಗೆಮನೆಗೆ ಹೋದಳು. ಅವತ್ತು ಮತ್ತೆ ಆ ಕೋಣೆ ಕಡೆ ಬರಲಿಲ್ಲ.

ಡೇರೆ ತರಿಸಿದ್ದು ಕೃತಿಕಾಳ ಸೈಕಲ್ ಓಟಕ್ಕಾಗಿ. ಅವಳು ಸೈಕಲ್ ಹಿಡಿದದ್ದು ಮಾತ್ರ ಯಾವ ಗುರಿಯನ್ನೂ ಇಟ್ಟುಕೊಂಡಲ್ಲ. ನಮ್ಮದು ದಾವಣಗೆರೆಯಲ್ಲಿ ಪಂಪ್‌ಸೆಟ್ ಅಂಗಡಿ. ಮದುವೆಯಾದ ಹೊಸತರಲ್ಲಿ ಅವಳು ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದಳು. ಒಮ್ಮೆ ಬಸ್ಸಿನವರು ಮುಷ್ಕರ ಹೂಡಿದರು. ನಾನು ಕಾರಿನಲ್ಲಿ ಬಿಡುತ್ತೇನೆ ಅಂದರೂ ಕೇಳದೆ, ಮನೆ ಹಿಂದೆ ಧೂಳು ತಿನ್ನುತ್ತಿದ್ದ ನನ್ನ ಹಳೇ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಹಳೇ ಪಿ.ಬಿ. ರಸ್ತೆ ಹಿಡಿದು ಹೊರಟಳು. ಮುಷ್ಕರ ಮುಗಿಯಿತು, ಬಸ್ಸುಗಳು ಓಡಿದವು, ಇವಳು ಮಾತ್ರ ಬಸ್ಸು ಹತ್ತಲಿಲ್ಲ. ಬೆಳಿಗ್ಗೆ ಸೀರೆಯನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಟ್ರ್ಯಾಕ್ ಪ್ಯಾಂಟಿನಲ್ಲಿ ಹೋಗಿ, ಕಾಲೇಜಿನಲ್ಲಿ ಸೀರೆ ಉಟ್ಟು ಪಾಠ ಮಾಡಿ ಬರುತ್ತಿದ್ದಳು. ನೆಂಟರಿಷ್ಟರು ಅವ್ವನ ಹತ್ತಿರ ಬಂದು ಗೊಣಗಿದರು. ಅವ್ವ ಅವರಿಗೂ ಉತ್ತರ ಕೊಡಲಿಲ್ಲ, ಕೃತಿಕಾಗೂ ಏನೂ ಹೇಳಲಿಲ್ಲ. ಅವ್ವನಿಗೆ ಇದು ಇಷ್ಟವಿಲ್ಲ ಅನ್ನುವುದು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಕೃತಿಕಾಳೊಳಗೆ ಬೇರೆ ಏನೋ ಇದೆ ಅಂತ ಮೊದಲು ಕಂಡುಹಿಡಿದವನು ಅಮ್ಜದ್. ಹಳೇ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟವನು, ವಯಸ್ಸಿನಲ್ಲಿದ್ದಾಗ ವಿಜಯಪುರದ ಕಡೆ ರೇಸುಗಳಲ್ಲಿ ಓಡಿಸಿದವನು. ಇವಳ ಸೈಕಲ್ಲಿನ ಚೈನು ಅಷ್ಟು ಬೇಗ ಸವೆದದ್ದು ಕಂಡು, ಎಲ್ಲಿಗೆ ಹೋಗ್ತೀರಿ ಮೇಡಂ ಅಂತ ವಿಚಾರಿಸಿದ. ಹರಿಹರ ಮುಗಿದ ಮೇಲೆ ಸಂಜೆ ಸುಮ್ಮನೆ ಹೊಳೆಯಾಚೆ ಒಂದಿಷ್ಟು ದೂರ ಹೋಗಿ ಬರುತ್ತೇನೆ ಅಂದಳಂತೆ. ಆ ಒಂದಿಷ್ಟು ದೂರ ರಾಣೆಬೆನ್ನೂರಿನ ತನಕ ಇತ್ತು. ಅಮ್ಜದ್ ಅವಳಿಗೆ ಒಳ್ಳೇ ಸೈಕಲ್ ಹೊಂದಿಸಿಕೊಟ್ಟ, ಉದ್ದನೆಯ ಸೈಕಲ್ ಓಟಗಳಿಗೆ ಹೆಸರು ಕೊಡಿಸಿದ. ಇನ್ನೂರು, ಮುನ್ನೂರು, ಆರುನೂರು ಕಿಲೋಮೀಟರ್ ಓಟಗಳನ್ನು ಅವಳು ಒಂದೊಂದಾಗಿ ಮುಗಿಸಿದಳು. ವೇಗದಲ್ಲಿ ಅವಳನ್ನು ಹಿಂದೆ ಹಾಕುವವರು ಬಹಳ ಜನ ಇದ್ದರು. ಆದರೆ ಅವರೆಲ್ಲ ಸುಸ್ತಾಗಿ ಕೂತ ಮೇಲೂ ಇವಳ ಕಾಲು ತುಳಿಯುತ್ತಲೇ ಇರುತ್ತಿತ್ತು.

ಡೇರೆ ಬರುವುದಕ್ಕೆ ಹಿಂದಿನ ಆಗಸ್ಟಿನಲ್ಲಿ ಅವಳು ಲಡಾಖಿನ ಒಂದು ಸ್ಪರ್ಧೆಗೆ ಹೋಗಿದ್ದಳು. ಲೇಹ್‌ನಿಂದ ಹೊರಟು ಎರಡು ಘಾಟಿ ಹತ್ತಿಳಿದು ಕಾರ್ಗಿಲ್ ಮುಟ್ಟಿ, ಅದೇ ದಾರಿಯಲ್ಲಿ ಮತ್ತೆ ಲೇಹ್‌ಗೆ ಬರಬೇಕು. ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ, ಒಂದೂವರೆ ದಿನದೊಳಗೆ. ದೊಡ್ಡ ಘಾಟಿಯ ಹೆಸರು ಫೋತು ಲಾ, ನಾಲ್ಕು ಸಾವಿರ ಮೀಟರಿಗಿಂತ ಎತ್ತರ. ನಮ್ಮ ದಾವಣಗೆರೆ ಬರೀ ಆರುನೂರು. ಹೋಗುವಾಗ ಹೇಗೋ ಹತ್ತಿದಳು. ಬರುವಾಗ ಅದೇ ಘಾಟಿಯ ಅರ್ಧದಲ್ಲಿ ವಾಂತಿ ಮಾಡಿಕೊಂಡು ರಸ್ತೆ ಬದಿಯಲ್ಲಿ ಕೂತಳು. ಜೊತೆಗೆ ಹೋಗಿದ್ದ ಅಮ್ಜದ್ ಗಾಡಿಗೆ ಹತ್ತಿಸಿಕೊಂಡು ಕೆಳಗೆ ತಂದ.

ಊರಿಗೆ ಬಂದು ಎಷ್ಟೋ ದಿನದ ಮೇಲೆ, ಊಟ ಮಾಡುತ್ತಾ ತಾನಾಗಿಯೇ ಹೇಳಿದಳು: ಕಾಲಿನಲ್ಲಿ ಇನ್ನೂ ಶಕ್ತಿ ಇತ್ತು, ಉಸಿರು ಎದೆ ತುಂಬ ಎಳೆದರೂ ಒಳಗೆ ಏನೂ ಬಂದ ಹಾಗೆ ಅನಿಸಲಿಲ್ಲ. ಸೋತದ್ದಕ್ಕಿಂತ ಹೆಚ್ಚಾಗಿ, ಇದಕ್ಕೆ ಕಾರಣ ಇದೆ ಮತ್ತು ಆ ಕಾರಣಕ್ಕೆ ಉಪಾಯವೂ ಇದೆ ಅನ್ನುವುದು ಅವಳನ್ನು ಕಾಡುತ್ತಿತ್ತು. ಬಯಲು ಸೀಮೆಯ ಸೈಕಲ್ ಸವಾರರು ಇಂಥ ಸ್ಪರ್ಧೆಗೆ ತಿಂಗಳುಗಟ್ಟಲೆ ಮೊದಲೇ ಹೋಗಿ ಎತ್ತರದಲ್ಲಿ ಇರುತ್ತಾರೆ ಅಂದ ಅಮ್ಜದ್. ಕೃತಿಕಾಗೆ ಸಿಗುವುದು ಹೆಚ್ಚೆಂದರೆ ಎರಡು ವಾರದ ರಜೆ. ಹಾಗಾಗಿ ಬೆಂಗಳೂರಿನ ಓಟಗಾರನೊಬ್ಬನಿಂದ ಈ ಡೇರೆಯನ್ನು ಬಾಡಿಗೆಗೆ ತರಿಸಿದೆವು. ಮಲಗುವುದು ಎತ್ತರದಲ್ಲಿ, ಸೈಕಲ್ ತುಳಿಯುವುದು ತಗ್ಗಿನಲ್ಲಿ. ಎರಡೂ ದಾವಣಗೆರೆಯಲ್ಲೇ.

ಮೊದಲ ತಿಂಗಳು ಏನೂ ಸರಿಹೋಗಲಿಲ್ಲ. ಡೇರೆಯೊಳಗೆ ಸೆಕೆ, ಯಂತ್ರದ ಗುಂಯ್ ಸದ್ದು. ಬೆಳಿಗ್ಗೆ ಎದ್ದರೆ ಅವಳ ಕಣ್ಣಿನ ಕೆಳಗೆ ಕಪ್ಪು. ಕರೆಂಟು ಹೋದರೆ ಒಳಗಿನ ಗಾಳಿ ಕೆಡುತ್ತದೆ, ತಕ್ಷಣ ಜಿಪ್ಪು ತೆಗೆಯಬೇಕು. ಅದಕ್ಕಾಗಿ ಅಂಗಡಿಯಿಂದ ದೊಡ್ಡ ಇನ್ವರ್ಟರ್ ತಂದು ಜೋಡಿಸಿದೆ, ನಾನು ಹೊರಗೆ ಚಾಪೆ ಹಾಕಿಕೊಂಡು ಮಲಗಿದೆ. ಇಷ್ಟೆಲ್ಲ ಮಾಡಿದರೂ ಅವಳು ದಿನದಿನಕ್ಕೆ ಬಲ ಕಳೆದುಕೊಳ್ಳುತ್ತಿದ್ದಳು. ಬಾತಿ ಗುಡ್ಡದ ಏರಿನಲ್ಲಿ ಒಂದು ಬೆಳಿಗ್ಗೆ ಇಳಿದು ನಿಂತುಬಿಟ್ಟಳಂತೆ. ಯಂತ್ರದ್ದೇ ತಪ್ಪಿರಬೇಕು ಅಂತ ಅಮ್ಜದ್ ಬಿಚ್ಚಿ ನೋಡಿದ, ಅದು ನೆಟ್ಟಗಿತ್ತು.

ನನ್ನ ತಂಗಿ ಸ್ನೇಹಾ ಹರಿಹರದಲ್ಲಿ ಡಾಕ್ಟರು. ಅತ್ತಿಗೆಯ ಮುಖ ನೋಡಿದವಳೇ ರಕ್ತ ಪರೀಕ್ಷೆ ಮಾಡಿಸಿದಳು. ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತಳ ಕಂಡಿತ್ತು. ಸಂಜೆ ಮನೆಗೆ ಬಂದು ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದಳು:

"ಇಟ್ಟಿಗೆ ಕೊಡದಂಗೆ ಮನಿ ಕಟ್ಟು ಅಂತ ಮೇಸ್ತ್ರಿಗೆ ಹೇಳಿದಂಗೆ ಆಗೈತೆ ನೋಡ್ರಿ ಇದು. ಡೇರೆ ರಕ್ತ ಮಾಡು ಅಂತೈತೆ, ಮಾಡಾಕ ಒಳಗೆ ಸಾಮಾನೇ ಇಲ್ಲ. ಸದ್ಯಕ್ಕೆ ಮಷೀನ್ ಬಂದ್ ಮಾಡ್ರಿ."

ಅವ್ವನಿಗೆ ಅದು ನಾಟಿತು. ನಮ್ಮ ಮನೆಯಲ್ಲಿ ಉಂಡವಳ ರಕ್ತ ಕಡಿಮೆ ಆಯಿತು ಅಂದರೆ ಅದನ್ನು ಅವಳು ತನ್ನ ಅಡುಗೆಗೆ ಬಂದ ಮಾತು ಅಂತಲೇ ತಿಳಿದಳು. ಸ್ನೇಹಾ ಸಮಾಧಾನ ಮಾಡಿದಳು. ಹೆಂಗಸರಲ್ಲಿ ಇದು ಸಾಮಾನ್ಯ, ಇಷ್ಟು ಬೆವರು ಸುರಿಸಿ ಸೈಕಲ್ ತುಳಿಯುವವರಲ್ಲಂತೂ ಇನ್ನೂ ಹೆಚ್ಚು ಅಂದಳು. ಆದರೆ ಅವಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರುತ್ತಾ ಹೋದಂತೆ ನಾವು ಮೂವರೂ ತಲೆ ತಗ್ಗಿಸಿದೆವು. ಕೃತಿಕಾ ಬೆಳಿಗ್ಗೆ ಒಂದು ಬಾಳೆಹಣ್ಣು ತಿಂದು ಹೊರಡುತ್ತಿದ್ದಳು. ಮಧ್ಯಾಹ್ನದ ಡಬ್ಬಿಯನ್ನು ಎರಡು ಕ್ಲಾಸಿನ ನಡುವೆ ಅರ್ಧ ಉಣ್ಣುತ್ತಿದ್ದಳು. ರಾತ್ರಿ ನನಗೆ ಬಡಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಉಂಡು, ಮೇಲೆ ಒಂದು ಲೋಟ ಚಹಾ ಕುಡಿಯುತ್ತಿದ್ದಳು. ಊಟದ ಬೆನ್ನಿಗೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಅನ್ನುವುದು ಪಾಠ ಮಾಡುವ ಅವಳಿಗೇ ಗೊತ್ತಿತ್ತು.

ಅವ್ವನೂ ನನ್ನ ಊಟ ಆದ ಮೇಲೆ ಉಳಿದದ್ದನ್ನೇ ಉಣ್ಣುವವಳು. ಸ್ನೇಹಾ ಅವ್ವನ ರಕ್ತವನ್ನೂ ಪರೀಕ್ಷೆಗೆ ಕಳಿಸಿದಳು. ಅದೂ ಅಷ್ಟಕ್ಕಷ್ಟೇ ಇತ್ತು.

ಮರುದಿನದಿಂದ ನಮ್ಮ ಮನೆಯ ಊಟದ ಕ್ರಮ ಬದಲಾಯಿತು. ಅವ್ವ ಮೊದಲು ಎರಡು ತಟ್ಟೆ ಇಡುತ್ತಿದ್ದಳು, ಒಂದು ಸೊಸೆಗೆ, ಒಂದು ತನಗೆ. ಇಬ್ಬರೂ ಎದುರುಬದುರು ಕೂತು ಉಂಡಾದ ಮೇಲೆ ನನ್ನ ಪಾಳಿ. ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಸಾರು, ಎಳ್ಳು ಬೆಲ್ಲದ ಉಂಡೆ, ಪಕ್ಕದಲ್ಲಿ ಹಿಂಡಿಕೊಳ್ಳಲು ನಿಂಬೆಹಣ್ಣು. ಸ್ನೇಹಾ ಬರೆದುಕೊಟ್ಟ ಮಾತ್ರೆಯನ್ನು ಇಬ್ಬರೂ ಒಂದೇ ಡಬ್ಬಿಯಿಂದ ನುಂಗುತ್ತಿದ್ದರು. ಅವ್ವ ತನ್ನ ಸಂಜೆಯ ಚಹಾವನ್ನೂ ಊಟದಿಂದ ದೂರ ತಳ್ಳಿದಳು. ಅದು ಅವಳಿಗೆ ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತು. ಹೀಗೆ ಕೂತು ಉಣ್ಣುವಾಗ ಅತ್ತೆ ಸೊಸೆ ಮಾತಾಡಲು ಶುರು ಮಾಡಿದರು. ಅಷ್ಟು ವರ್ಷ ಅವರ ನಡುವೆ ಜಗಳ ಇರಲಿಲ್ಲ, ಮಾತೂ ಇರಲಿಲ್ಲ.

ಜೂನ್ ನಡುವಿಗೆ ಸ್ನೇಹಾ ಮತ್ತೆ ಪರೀಕ್ಷೆ ಮಾಡಿಸಿ ಒಪ್ಪಿಗೆ ಕೊಟ್ಟಳು. ಯಂತ್ರ ಮತ್ತೆ ಶುರುವಾಯಿತು.

ಅದಾಗಿ ಕೆಲವು ದಿನಕ್ಕೆ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಅಡುಗೆಮನೆಯಲ್ಲಿ ಯಾರೂ ಇಲ್ಲ, ಕೋಣೆಯಿಂದ ಯಂತ್ರದ ಸದ್ದು. ಕೃತಿಕಾ ಕಾಲೇಜಿಗೆ ಹೋಗಿದ್ದಳು. ಹೋಗಿ ನೋಡಿದರೆ ಡೇರೆಯೊಳಗೆ ಅವ್ವ ಮಲಗಿದ್ದಾಳೆ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ಪು ಸಿಕ್ಕಿಸಿಕೊಂಡು ಅದರ ಅಂಕಿಯನ್ನೇ ದಿಟ್ಟಿಸುತ್ತಿದ್ದಾಳೆ. ನಾನು ಹೆದರಿ ಜಿಪ್ಪು ಎಳೆದೆ. ಅವಳು ನಿಧಾನಕ್ಕೆ ಎದ್ದು ಕೂತಳು.

"ಇದರಾಗ ನಿದ್ದಿ ಬರಲ್ಲ ಕಣಪ್ಪ," ಅಂದಳು. "ಎದಿ ಡವಡವ ಅಂತೈತೆ, ಸುಮ್ಮನೆ ಮಲಗಿದ್ರೂ ನಡದಂಗೆ ಆಗ್ತೈತೆ. ನನಗೆ ಒಂದು ತಾಸಿಗೇ ಸಾಕಾತು. ಅವಳು ದಿನಾ ಇಲ್ಲಿ ಮಲಗಿ, ಎದ್ದು ಹರಿಹರಕ್ಕ ಸೈಕಲ್ ಹೊಡದು, ನಿಂತು ಪಾಠ ಮಾಡಿ ಬರ್ತಾಳಲ್ಲ."

ಬೆರಳಿನ ಕ್ಲಿಪ್ಪು ತೆಗೆದಿಟ್ಟು, ಇನ್ನು ಮೇಲೆ ಹೊರಗಿನ ಚಾಪೆ ತನ್ನದು ಅಂದಳು. ಕರೆಂಟು ಹೋದರೂ ನನಗೆ ಎಚ್ಚರ ಆಗುವುದಿಲ್ಲ, ತನಗೆ ಬೆಕ್ಕು ನಡೆದರೂ ಎಚ್ಚರ ಆಗುತ್ತದೆ ಎನ್ನುವುದು ಅವಳ ವಾದ. ಅದು ನಿಜವೂ ಆಗಿತ್ತು. ಆ ಮಳೆಗಾಲದಲ್ಲಿ ಇನ್ವರ್ಟರ್ ಕೈಕೊಟ್ಟಾಗಲೆಲ್ಲ ನಾನು ಎದ್ದು ಬರುವಷ್ಟರಲ್ಲಿ ಜಿಪ್ಪು ತೆರೆದಿರುತ್ತಿತ್ತು.

ನಮ್ಮ ಕಡೆ ದೊಡ್ಡ ಬೆಟ್ಟಗಳಿಲ್ಲ, ಆದರೆ ಜೂನ್ ಜುಲೈನಲ್ಲಿ ಗಾಳಿ ಇದೆ. ಪಡುವಣದಿಂದ ಬೀಸುವ ಆ ಗಾಳಿಗೆ ಎದೆ ಕೊಟ್ಟು ಹರಿಹರದ ದಾರಿ ಹಿಡಿದರೆ ಏರು ಹತ್ತಿದ ಹಾಗೆಯೇ. ಅಮ್ಜದ್ ಅದನ್ನೇ ಅವಳ ಘಾಟಿ ಮಾಡಿದ. ತಾನು ಮೊಪೆಡ್ಡಿನಲ್ಲಿ ಪಕ್ಕಕ್ಕೆ ಬರುತ್ತಾ, ಬಗ್ಗು, ಭುಜ ಸಡಿಲ ಬಿಡು, ಒಂದೇ ಹದದಲ್ಲಿ ತುಳಿ ಅಂತ ಹೇಳಿಕೊಡುತ್ತಿದ್ದ. ಭಾನುವಾರ ಆನಗೋಡಿನ ಆಚೆ ಹೆದ್ದಾರಿಯ ಏರುಗಳಲ್ಲಿ ಮೇಲೆ ಕೆಳಗೆ, ಆಮೇಲೆ ಲೋಕಿಕೆರೆ, ಕುಕ್ಕುವಾಡ ಸುತ್ತಿ ಮನೆಗೆ. ಕುಕ್ಕುವಾಡದ ರೈತ ಕೆಂಚವೀರಪ್ಪ ಮೋಟಾರು ರಿಪೇರಿಗೆ ಅಂಗಡಿಗೆ ಬಂದವನು, ನಿಮ್ಮ ಮನೆಯವರು ದಾರಿ ತಪ್ಪಿದ್ದಾರೇನೋ ಅಂತ ಕೇಳಬೇಕೆಂದಿದ್ದೆ ಅಂದ. ತಾನು ಗದ್ದೆಗೆ ಹೋಗುವಾಗಲೂ ಹೋದರು, ಊಟಕ್ಕೆ ಬರುವಾಗಲೂ ಮತ್ತೆ ಅದೇ ಕಡೆಗೆ ಹೋದರು, ಸಂಜೆ ದನ ಹೊಡೆದುಕೊಂಡು ಬರುವಾಗಲೂ ಅದೇ ಕಡೆಗೆ ಹೋಗುತ್ತಿದ್ದರಂತೆ. ಕಾರಣ ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, ದೊಡ್ಡ ಕೆಲಸ ಅಂದ.

ಜುಲೈ ಕೊನೆಗೆ ಬಾತಿ ಗುಡ್ಡದ ಅದೇ ಏರನ್ನು ಅವಳು ಅಮ್ಜದ್ ಜೊತೆ ಮಾತಾಡುತ್ತಾ ಹತ್ತಿದಳು. ಅಂಗಡಿಗೆ ಬಂದು ಅದನ್ನು ಹೇಳುವಾಗ ಅಮ್ಜದನ ಮುಖ ನೋಡಬೇಕಿತ್ತು. ಮಾತಾಡ್ತಾ ಹತ್ತಿದ್ರು ಸಾಹೇಬ್ರೆ, ನನಗೇ ಉತ್ತರ ಕೊಡಾಕ ಉಸಿರಿರ್ಲಿಲ್ಲ, ನಾ ಮೊಪೆಡ್ ಮ್ಯಾಲೆ ಇದ್ದೆ ಅಂತ ನಕ್ಕ.

ಲಡಾಖಿಗೆ ನಾನು, ಅಮ್ಜದ್, ಕೃತಿಕಾ ಮೂವರು ಹೋಗುವುದು ಅಂತ ಇತ್ತು. ಅವ್ವ ತಾನೂ ಬರುತ್ತೇನೆ ಅಂದಳು. ಸ್ನೇಹಾ ಬೇಡ ಅಂದಳು, ನಾನೂ ಬೇಡ ಅಂದೆ. ಕೃತಿಕಾಗೆ ಅಲ್ಲಿ ದಾರಿಯಲ್ಲಿ ಕುಡಿಯಾಕ ಗಂಜಿ ಯಾರು ಕಾಯಿಸಿ ಕೊಡ್ತೀರಿ ಅಂತ ಅವ್ವ ಕೇಳಿದಳು. ಕೊನೆಗೆ ಸ್ನೇಹಾ ಅವ್ವನ ಎದೆ, ಬಿ.ಪಿ. ಎಲ್ಲ ಪರೀಕ್ಷಿಸಿ, ತಲೆ ನೋವು ಬಂದರೆ ತಕ್ಷಣ ಕೆಳಗೆ ಇಳಿಸಬೇಕು ಅಂತ ನನ್ನಿಂದ ಮಾತು ತೆಗೆದುಕೊಂಡು ಅರೆಮನಸ್ಸಿನಿಂದ ಒಪ್ಪಿದಳು.

ತಲೆ ನೋವು ಬಂತು, ನನಗೆ. ಲೇಹ್‌ನಲ್ಲಿ ಇಳಿದ ಮೇಲೆ ಎರಡು ದಿನ ಸುಮ್ಮನೆ ಮಲಗಿ ಅಂತ ಎಲ್ಲರೂ ಹೇಳಿದ್ದರೂ, ನಾನು ಇಳಿದ ದಿನವೇ ಸೈಕಲ್ಲಿನ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದೆ. ಮರುದಿನ ತಲೆ ಸಿಡಿಯುವ ಹಾಗಾಗಿ, ನೀರು ಕುಡಿದರೂ ವಾಂತಿ. ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಟ್ಟರು. ಒಂದು ವಾರಕ್ಕೆ ಸುಧಾರಿಸಿತು, ಆದರೆ ಇಲ್ಲಿಂದ ಮೇಲಕ್ಕೆ ಹೋಗಬಾರದು ಅಂದರು ಅಲ್ಲಿಯ ಡಾಕ್ಟರು. ಎತ್ತರ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅನ್ನುವುದಕ್ಕೆ ವಯಸ್ಸು, ಕಸುವು ಯಾವುದರ ಲೆಕ್ಕವೂ ಇಲ್ಲವಂತೆ. ಅವ್ವನಿಗೆ ಏನೂ ಆಗಲಿಲ್ಲ. ನಾವು ಇಳಿದುಕೊಂಡಿದ್ದ ಮನೆಯವರ ಅಡುಗೆಕೋಣೆಯಲ್ಲಿ ಊರಿನಿಂದ ತಂದ ರಾಗಿ ಹಿಟ್ಟಿನಲ್ಲಿ ಗಂಜಿ ಕಾಯಿಸುತ್ತಾ, ತನಗೆ ಬಂದಷ್ಟು ಹಿಂದಿಯಲ್ಲಿ ಆ ಮನೆಯಾಕೆಯ ಜೊತೆ ಸುಖದುಃಖ ಮಾತಾಡುತ್ತಾ ಇದ್ದಳು.

ಹೀಗಾಗಿ ಸ್ಪರ್ಧೆಯ ದಿನ ಕೃತಿಕಾಳ ಹಿಂದೆ ಗಾಡಿಯಲ್ಲಿ ಹೋದವರು ಅಮ್ಜದ್ ಮತ್ತು ಅವ್ವ. ಬೆಳಗಿನ ಜಾವ ಹೊರಟರು. ನಾನು ಕೋಣೆಯಲ್ಲಿ ಫೋನು ಹಿಡಿದು ಕೂತೆ. ಆ ದಾರಿಯಲ್ಲಿ ಸಿಗ್ನಲ್ ಎಲ್ಲೋ ಒಂದೊಂದು ಕಡೆ. ಕಾರ್ಗಿಲ್ ಮುಟ್ಟಿದೆವು, ಚೆನ್ನಾಗಿದ್ದಾಳೆ ಅಂತ ಸಂಜೆ ಒಂದು ಮಾತು ಬಂತು. ಆಮೇಲೆ ಮರುದಿನ ಮಧ್ಯಾಹ್ನದ ತನಕ ಏನೂ ಇಲ್ಲ. ನಡುವೆ ನಡೆದದ್ದನ್ನು ನಾನು ಕೇಳಿದ್ದು ಆಮೇಲೆ, ಮೂವರ ಬಾಯಲ್ಲಿ.

ಮರುದಿನ ಬೆಳಿಗ್ಗೆ ಬಿಸಿಲು ಬರುವ ಹೊತ್ತಿಗೆ ಅವಳು ಫೋತು ಲಾ ಹತ್ತುತ್ತಿದ್ದಳು. ಹೋದ ವರ್ಷ ಕೂತುಬಿಟ್ಟ ಅದೇ ಏರು. ಎದುರಿನಿಂದ ಸೈನ್ಯದ ಲಾರಿಗಳ ಸಾಲು ಬಂತು. ರಸ್ತೆ ಕಿರಿದು. ಸೈಕಲ್ ಬದಿಯಲ್ಲಿ ನುಸುಳಿ ಮುಂದೆ ಹೋಯಿತು, ಅಮ್ಜದನ ಗಾಡಿ ಕೆಳಗಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಅವಳ ಹತ್ತಿರ ಕುಡಿಯಲು ಏನೂ ಉಳಿದಿಲ್ಲ ಅನ್ನುವುದು ಅವ್ವನಿಗೆ ಗೊತ್ತಿತ್ತು. ಫ್ಲಾಸ್ಕ್ ತೆಗೆದುಕೊಂಡು ಗಾಡಿಯಿಂದ ಇಳಿದಳು. ಅಮ್ಜದ್ ಕೈ ಮುಗಿದು ಕೇಳಿಕೊಂಡ, ಬ್ಯಾಡ್ರಿ ಅಮ್ಮಾರೆ, ಲಾರಿ ಹೋಗ್ಲಿ, ನಾನೇ ಓಡ್ತೀನಿ ಅಂತ. ಗಾಡಿ ಬಿಟ್ಟು ಹೋಗಬ್ಯಾಡ ಅಂತ ಅವನಿಗೇ ಹೇಳಿ, ಲಾರಿಗಳ ಪಕ್ಕದಲ್ಲಿ ಗುಡ್ಡದ ಕಡೆಗೆ ಸರಿದು ನಡೆಯತೊಡಗಿದಳು. ಸ್ವಲ್ಪ ನಡೆದು ನಿಲ್ಲುವುದು, ಉಸಿರು ಹಿಡಿದು ಮತ್ತೆ ನಡೆಯುವುದು.

ಮೇಲಿನ ತಿರುವಿನಲ್ಲಿ ಕೃತಿಕಾ ಸೈಕಲ್ಲಿನಿಂದ ಇಳಿದು ಅದರ ಮೇಲೆ ಭಾರ ಬಿಟ್ಟು ನಿಂತಿದ್ದಳು. ಕೂತರೆ ಏಳುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಆದರೂ ಕೂರಬೇಕು ಅನಿಸುತ್ತಿತ್ತಂತೆ. ತಿರುಗಿ ನೋಡಿದರೆ ಸೀರೆಯ ಮೇಲೆ ನನ್ನ ಸ್ವೆಟರು, ತಲೆಗೆ ಮಂಕಿ ಟೋಪಿ, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅತ್ತೆ ಬರುತ್ತಿದ್ದಾಳೆ. ಹತ್ತಿರ ಬಂದ ಮೇಲೂ ಮಾತಾಡಲು ಅವ್ವನಿಗೆ ಉಸಿರಿರಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿ ಬಗ್ಗಿಸಿ ಕೊಟ್ಟಳು. ಕೃತಿಕಾ ಕುಡಿದಳು, ಅವ್ವ ಇನ್ನೊಮ್ಮೆ ಬಗ್ಗಿಸಿದಳು, ಅದನ್ನೂ ಕುಡಿದಳು. ಆಗ ಅವ್ವ ಹೇಳಿದ್ದು ಇಷ್ಟೇ:

"ನನಗೆ ಬಂದಷ್ಟು ಉಸಿರು ನಿನಗೂ ಬರ್ತೈತೆ. ಅವಸರ ಮಾಡಬ್ಯಾಡ, ನಿಧಾನ ಹೋಗು."

"ಗಾಡಿ ಬರೋತನ ನೀವು ಇಲ್ಲೇ ಕೂಡ್ರಿ ಅತ್ತೆ," ಅಂದಳು ಕೃತಿಕಾ. "ಇನ್ನು ಒಂದು ಹೆಜ್ಜಿನೂ ನಡೀಬ್ಯಾಡ್ರಿ."

ಅತ್ತೆಯನ್ನು ಒಂದು ಬಂಡೆಯ ಮೇಲೆ ಕೂರಿಸಿ ಸೈಕಲ್ ಹತ್ತಿದಳು. ಉಸಿರು ಬಂತು. ಹೋದ ವರ್ಷದ ಹಾಗೆ ಎದೆಯೊಳಗೆ ಖಾಲಿ ಅನಿಸಲಿಲ್ಲ, ಕಷ್ಟಪಟ್ಟು ಎಳೆದರೂ ಎಳೆದದ್ದಕ್ಕೆ ಏನೋ ಒಳಗೆ ಸೇರುತ್ತಿತ್ತು ಅಂತ ಹೇಳುತ್ತಾಳೆ. ಘಾಟಿಯ ತುದಿಯಲ್ಲಿ ನಿಲ್ಲದೆ ಇಳಿದಳು. ಅವ್ವನನ್ನು ಹತ್ತಿಸಿಕೊಂಡ ಗಾಡಿ ಕೃತಿಕಾಳನ್ನು ಮತ್ತೆ ಸೇರಿಕೊಂಡದ್ದು ಘಾಟಿಯ ಆಚೆ, ಬಹಳ ಕೆಳಗೆ.

ಮುಗಿಯುವ ಜಾಗದಲ್ಲಿ ನಾನು ಕಂಬಳಿ ಹಿಡಿದು ಕಾಯುತ್ತಿದ್ದೆ. ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ದಾರಿಯಲ್ಲೇ ಬಿಟ್ಟಿದ್ದರು. ಹೆಂಗಸರಲ್ಲಿ ಕೊನೆ ಮುಟ್ಟಿದವರು ಇಬ್ಬರೇ, ಅದರಲ್ಲಿ ಇವಳು ಎರಡನೆಯವಳು. ಗಡುವಿಗೆ ಇನ್ನೂ ಸಮಯ ಇತ್ತು. ತುಟಿ ಒಡೆದು, ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಏನೇನೋ ಹೇಳಬೇಕು ಅಂತ ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಅವಳು ಸೈಕಲ್ ನನ್ನ ಕೈಗೆ ಕೊಟ್ಟು, ತಲೆನೋವು ಹೆಂಗೈತ್ರಿ ಈಗ ಅಂತ ಕೇಳಿದಳು. ಕಂಬಳಿಯನ್ನು ಅವಳ ಹೆಗಲ ಮೇಲೆ ಹಾಕಿದೆ. ಹಿಂದಿನಿಂದ ಗಾಡಿ ಇಳಿದು ಬಂದ ಅವ್ವ, ಮೊದಲು ಅವಳನ್ನ ಕೂಡಿಸು ಅಂತ ನನ್ನನ್ನೇ ಗದರಿಸಿದಳು.

ಊರಿಗೆ ಬಂದ ಮೇಲೆ ಕೃತಿಕಾ ಎರಡು ದಿನ ನಿದ್ದೆ ಮಾಡಿದಳು. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟಳು. ಮೋಡ ಕವಿದಿತ್ತು, ಗಾಳಿ ಎಂದಿನಂತೆ ಎದುರಿಗೇ ಇತ್ತು. ನನಗೂ ಹರಿಹರದಲ್ಲಿ ಕೆಲಸವಿತ್ತು, ಸ್ವಲ್ಪ ಹೊತ್ತು ಬಿಟ್ಟು ಸ್ಕೂಟರಿನಲ್ಲಿ ಹೊರಟೆ. ದೊಡ್ಡಬಾತಿ ಹತ್ತಿರ ಸಿಗಬಹುದು ಅಂದುಕೊಂಡಿದ್ದೆ, ಸಿಗಲಿಲ್ಲ. ನಾಲೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಹರಿಹರ ಊರೊಳಗೆ ಬಂದ ಮೇಲೆ ಮುಂದೆ ಅವಳ ಕೆಂಪು ಹೆಲ್ಮೆಟ್ ಕಂಡಿತು. ಕಾಲೇಜಿನ ಗೇಟಿನಲ್ಲಿ ಹೋಗಿ ಹಿಡಿದೆ. ಅವಳಿಗೆ ಏದುಸಿರು ಕೂಡ ಇರಲಿಲ್ಲ.

"ಇಲ್ಲಿ ಗಾಳಿ ಎಷ್ಟು ದಪ್ಪ ಐತ್ರಿ," ಅಂದಳು. "ಎಳದಷ್ಟೂ ಬರ್ತೈತೆ."

ಗಂಟೆ ಹೊಡೆಯಿತು. ಮೊದಲ ಪಿರಿಯಡ್ ಅವಳದೇ. ಸೈಕಲ್ಲಿಗೆ ಬೀಗ ಹಾಕಿ, ಸೀರೆಯ ಬ್ಯಾಗು ಹೆಗಲಿಗೆ ಏರಿಸಿಕೊಂಡು ಒಳಗೆ ಹೋದಳು.